-ಓ0ನಲ್ಲಿ 230 ವೋಲ್ಟ್, -ಓ2ನಲ್ಲಿ 0.00: ಬೈಟ್ ಬಫರ್‌ನಿಂದ ಫ್ಲೋಟ್ ಓದುವ ಸಮಸ್ಯೆ

ಮುಳಬಾಗಿಲು_ಪ್ಯಾನಲ್ (ಕೋಲಾರ)

ಬೋರ್‌ವೆಲ್ ಪ್ಯಾನಲ್‌ನ ಎನರ್ಜಿ ಮೀಟರ್ ಓದೋ ಬೋರ್ಡ್. ಎಸ್‌ಟಿಎಂ32 ಎಫ್103 ಮೈಕ್ರೋಕಂಟ್ರೋಲರ್, ಮೀಟರ್ ಜೊತೆ ಆರ್‌ಎಸ್‌485 ತಂತಿಯಲ್ಲಿ ಮಾಡ್‌ಬಸ್ ಆರ್‌ಟಿಯು ಪ್ರೋಟೋಕಾಲ್, ಸಿ ಕೋಡ್, ಜಿಸಿಸಿ ಕಂಪೈಲರ್. ಮಾಡ್‌ಬಸ್‌ನ ಫಂಕ್ಷನ್ 03ರಲ್ಲಿ (ರಿಜಿಸ್ಟರ್ ಓದೋ ಆಜ್ಞೆ) ಎರಡು ರಿಜಿಸ್ಟರ್ ಕೇಳಿದರೆ 9 ಬೈಟ್ ಉತ್ತರ ಬರುತ್ತೆ, ಸಿಆರ್‌ಸಿ (ದೋಷ ಪರೀಕ್ಷೆಯ ಬೈಟ್‌ಗಳು) ಸರಿ ಇದೆ. ಇಂಡೆಕ್ಸ್ 3ರಿಂದ ಹೆಕ್ಸ್ 43 66 00 00, ಅಂದ್ರೆ ಸರಿಯಾಗಿ 230.0.

ಬಫರ್ ಹೀಗಿದೆ: ಸ್ಟ್ಯಾಟಿಕ್ ಯುಇಂಟ್8_ಟಿ ಆರ್‌ಎಕ್ಸ್[64]. ಚಾನೆಲ್ ಸ್ಟ್ರಕ್ಟ್‌ನಲ್ಲಿ ಎರಡು ಪಾಯಿಂಟರ್: ಯುಇಂಟ್16_ಟಿ ಪಾಯಿಂಟರ್ 'ರೆಗ್', ಫ್ಲೋಟ್ ಪಾಯಿಂಟರ್ 'ವ್ಯಾಲ್'. ಎರಡೂ ಆರ್‌ಎಕ್ಸ್+3ಕ್ಕೇ ಕ್ಯಾಸ್ಟ್ ಆಗಿವೆ. ಮೀಟರ್ ದೊಡ್ಡ ಬೈಟ್ ಮೊದಲು ಕಳಿಸುತ್ತೆ, ಚಿಪ್ ಚಿಕ್ಕದನ್ನ ಮೊದಲು ಇಡುತ್ತೆ; ಅದಕ್ಕೆ ಅಪ್‌ಡೇಟ್ ಫಂಕ್ಷನ್‌ನಲ್ಲಿ ರೆಗ್ ಮೂಲಕ ಬೈಟ್ ತಿರುಗಿಸಿ, ಎರಡು ರಿಜಿಸ್ಟರ್ ಅದಲು ಬದಲು ಮಾಡಿ, ಆಮೇಲೆ ವ್ಯಾಲ್ ಮೂಲಕ ಫ್ಲೋಟ್ ಓದೋದು.

-ಓ0ನಲ್ಲಿ (ಕಂಪೈಲರ್ ಆಪ್ಟಿಮೈಸೇಶನ್ ಇಲ್ಲದೆ) 230.00. -ಓ2ನಲ್ಲಿ (ಆಪ್ಟಿಮೈಸೇಶನ್ ಜೊತೆ) 0.00. ನಡುವೆ ಒಂದು ಪ್ರಿಂಟ್‌ಎಫ್ ಹಾಕಿದರೆ ಮತ್ತೆ 230. ಸ್ಟ್ರಕ್ಟ್ ಬಿಟ್ಟು ಎಲ್ಲಾ ಒಂದೇ ಫಂಕ್ಷನ್‌ನಲ್ಲಿ ಬರೆದರೂ 230. ಒಂದೇ ಜಾಗವನ್ನ ಬೇರೆ ಬೇರೆ ಟೈಪ್‌ನಲ್ಲಿ ಮುಟ್ಟಬಾರದು ಅನ್ನೋ ಅಲಿಯಾಸಿಂಗ್ ನಿಯಮದಿಂದ ಕ್ಯಾರೆಕ್ಟರ್ ಟೈಪ್‌ಗೆ ವಿನಾಯಿತಿ ಇದೆಯಲ್ಲ, ಬಫರ್ ಬೈಟ್‌ದೇ ತಾನೇ?

ತಿಪಟೂರು_ಸಿ (ತುಮಕೂರು)

ಸರ್, ಮೊದಲು ಎರಡು ಪರೀಕ್ಷೆ ಮಾಡಿ. -ಓ2 ಹಾಗೇ ಇಟ್ಟು -ಎಫ್‌ನೋ-ಸ್ಟ್ರಿಕ್ಟ್-ಅಲಿಯಾಸಿಂಗ್ (ಕಂಪೈಲರ್ ಆ ನಿಯಮ ನಂಬದಂತೆ ಮಾಡೋ ಫ್ಲ್ಯಾಗ್) ಸೇರಿಸಿ ಬಿಲ್ಡ್ ಮಾಡಿ. 230 ಬಂದರೆ ರೋಗ ಇದೇ. ಎರಡನೇದು, ಆ ಫ್ಲೋಟ್‌ನ ಬಿಟ್‌ಗಳನ್ನ ಹೆಕ್ಸ್‌ನಲ್ಲಿ ಪ್ರಿಂಟ್ ಮಾಡಿ. 00006643 ಕಾಣಬೇಕು. ಅದು ತಿರುಗಿಸದೆ ಓದಿದ ಬೈಟ್‌ಗಳು. ಫ್ಲೋಟ್ ಆಗಿ ಸುಮಾರು 3.67 ಗುಣಿಸು 10ರ ಮೈನಸ್ 41ನೇ ಘಾತ. ಎರಡು ದಶಮಾಂಶಕ್ಕೆ ಪ್ರಿಂಟ್ ಮಾಡಿದರೆ 0.00 ತಾನೇ ಬರೋದು? ಮೀಟರ್ ಸೊನ್ನೆ ಕಳಿಸ್ತಿಲ್ಲ. ಕಂಪೈಲರ್ ಫ್ಲೋಟ್ ಓದೋ ಕೆಲಸವನ್ನ ನಿಮ್ಮ ಬೈಟ್ ತಿರುಗಿಸುವಿಕೆಗಿಂತ ಮುಂಚೆ ಇಟ್ಟಿದೆ.

ಈಗ ವಿನಾಯಿತಿ ವಿಷಯ. ಅದು ಒಂದೇ ದಿಕ್ಕಿನದು. ಯಾವ ಟೈಪ್‌ನ ವಸ್ತುವನ್ನಾದರೂ ಅನ್‌ಸೈನ್ಡ್ ಕ್ಯಾರ್ (ಇಲ್ಲಿ ಯುಇಂಟ್8_ಟಿ ಅಂದ್ರೂ ಅದೇ) ಮೂಲಕ ಓದಬಹುದು, ಬರೀಬಹುದು. ಕ್ಯಾರ್ ಅರೇ ಅಂತ ಡಿಕ್ಲೇರ್ ಮಾಡಿದ ಜಾಗವನ್ನ ಫ್ಲೋಟ್ ಆಗಿ ಓದೋಕೆ ಅದರಿಂದ ಪರವಾನಗಿ ಸಿಗೋದಿಲ್ಲ. ಸಿ11 ಸ್ಟ್ಯಾಂಡರ್ಡ್‌ನಲ್ಲಿ 6.5ನೇ ವಿಭಾಗದ 6 ಮತ್ತು 7ನೇ ಪ್ಯಾರಾ ಓದಿ: ಡಿಕ್ಲೇರ್ ಆದ ವಸ್ತುವಿಗೆ ಆ ಡಿಕ್ಲೇರ್ ಆದ ಟೈಪೇ ಕೊನೇವರೆಗೂ. ಮ್ಯಾಲಕ್ (ರನ್ ಆಗುವಾಗ ಮೆಮೊರಿ ಕೊಡೋ ಫಂಕ್ಷನ್) ಕೊಟ್ಟ ಜಾಗಕ್ಕೆ ಮಾತ್ರ, ಕೊನೆಯಲ್ಲಿ ಯಾವ ಟೈಪ್‌ನಲ್ಲಿ ಬರೆದಿರೋ ಅದು ಅಂಟಿಕೊಳ್ಳುತ್ತೆ.

ಸ್ಟ್ಯಾಂಡರ್ಡ್ ಇಷ್ಟು ಕಟ್ಟುನಿಟ್ಟು. ಕಂಪೈಲರ್‌ಗಳು ಅಷ್ಟಿಲ್ಲ, ಗೊಂದಲ ಹುಟ್ಟೋದೇ ಅಲ್ಲಿ. ಜಿಸಿಸಿ ಪ್ರತಿ ಟೈಪ್‌ಗೂ ಒಂದು ಅಲಿಯಾಸ್ ಸೆಟ್ ಕೊಡುತ್ತೆ, ಯಾವ ಟೈಪ್‌ಗಳು ಒಂದೇ ಜಾಗ ಆಗಿರಬಹುದು ಅಂತ ಅದರಿಂದ ತೀರ್ಮಾನಿಸುತ್ತೆ. ಕ್ಯಾರ್‌ಗೆ ಸೆಟ್ 0, ಅದು ಎಲ್ಲದರ ಜೊತೆಗೂ ತಾಗುತ್ತೆ. ಕ್ಲ್ಯಾಂಗ್ ಅನ್ನೋ ಇನ್ನೊಂದು ಕಂಪೈಲರ್‌ನಲ್ಲಿ ಟೈಪ್‌ಗಳ ಮರ, ಕ್ಯಾರ್ ಅದರ ಮೇಲ್ತುದಿಯ ಹತ್ತಿರ ಕೂತಿರುತ್ತೆ. ಹಾಗಾಗಿ ಕ್ಯಾರ್ ಮತ್ತು ಬೇರೆ ಒಂದೇ ಒಂದು ಟೈಪ್ ನಡುವೆ ಜಗಳ ಕಾಣೋದು ಅಪರೂಪ. ನಿಮ್ಮಲ್ಲಿ ಕ್ಯಾರ್ ಅಲ್ಲದ ಎರಡು ಟೈಪ್‌ಗಳಿವೆ: ಬರೆದದ್ದು ಯುಇಂಟ್16_ಟಿಯಲ್ಲಿ, ಓದಿದ್ದು ಫ್ಲೋಟ್‌ನಲ್ಲಿ. ಇವೆರಡು ಒಂದೇ ಜಾಗ ಆಗಿರೋಕೆ ಸಾಧ್ಯವೇ ಇಲ್ಲ ಅಂತ ಕಂಪೈಲರ್ ನಂಬಿ ಕ್ರಮ ಬದಲಿಸಿದೆ.

ಒಂದೇ ಫಂಕ್ಷನ್‌ನಲ್ಲಿ ಯಾಕೆ ಸರಿ ಬಂತು ಅಂದ್ರೆ, ಅಲ್ಲಿ ಎರಡೂ ವಿಳಾಸ ಆರ್‌ಎಕ್ಸ್+3 ಅಂತ ಕಂಪೈಲರ್‌ಗೆ ಕಣ್ಣೆದುರೇ ಇದೆ. ವಿಳಾಸ ಖಚಿತವಾಗಿ ಒಂದೇ ಆದಾಗ ಜಿಸಿಸಿ, ಕ್ಲ್ಯಾಂಗ್ ಎರಡೂ ಸಾಮಾನ್ಯವಾಗಿ ಟೈಪ್ ವಿಚಾರಕ್ಕೇ ಹೋಗಲ್ಲ. ಸ್ಟ್ರಕ್ಟ್ ಒಳಗಿಂದ ಎರಡು ಬೇರೆ ಪಾಯಿಂಟರ್ ಬಂದಾಗ ಟೈಪ್ ಒಂದೇ ಆಧಾರ. ಈ ದೋಷ ಚಿಕ್ಕ ಟೆಸ್ಟ್ ಪ್ರೋಗ್ರಾಂನಲ್ಲಿ ಸಿಗದೆ ದೊಡ್ಡ ಕೋಡ್‌ನಲ್ಲಿ ಮಾತ್ರ ಕಾಡೋದು ಇದರಿಂದಲೇ. ಪ್ರಿಂಟ್‌ಎಫ್‌ ಹಾಕಿದಾಗ, ಹೊರಗಿನ ಆ ಫಂಕ್ಷನ್ ಮೆಮೊರಿ ಬದಲಿಸಬಹುದು ಅಂತ ಕಂಪೈಲರ್ ಓದೋದನ್ನ ಅದರ ಆಚೆಗೆ ಎಳೆಯಲ್ಲ, ಅಷ್ಟೇ. ಅದನ್ನ ಪರಿಹಾರ ಅಂತ ಬಿಡಬೇಡಿ.

ಮುಳಬಾಗಿಲು_ಪ್ಯಾನಲ್

ಸರ್, ಫ್ಲ್ಯಾಗ್ ಹಾಕಿದ ತಕ್ಷಣ 230.00. ಹೆಕ್ಸ್ ನೀವು ಹೇಳಿದ್ದೇ, 00006643. ಫ್ಲ್ಯಾಗ್ ಹಾಗೇ ಬಿಟ್ಟರೆ ಸಾಕಾ? -ವಾಲ್ (ಸಾಮಾನ್ಯ ವಾರ್ನಿಂಗ್‌ಗಳ ಫ್ಲ್ಯಾಗ್) ಹಾಕಿದ್ದರೂ ವಾರ್ನಿಂಗ್ ಯಾಕೆ ಬರಲಿಲ್ಲ?

ತಿಪಟೂರು_ಸಿ

ಲಿನಕ್ಸ್ ಕರ್ನಲ್ ಅದೇ ಫ್ಲ್ಯಾಗ್‌ನಲ್ಲಿ ಬಿಲ್ಡ್ ಆಗುತ್ತೆ, ಅಪರಾಧ ಏನಲ್ಲ. ಆದರೆ ಕೋಡ್ ಇನ್ನೊಂದು ಪ್ರಾಜೆಕ್ಟ್‌ಗೆ ಹೋದಾಗ ಫ್ಲ್ಯಾಗ್ ಜೊತೆಗೆ ಹೋಗಲ್ಲ. ನಿಮ್ಮ ಕೋಡನ್ನೇ ಸರಿ ಮಾಡೋದು ಹತ್ತು ನಿಮಿಷದ ಕೆಲಸ.

ಎರಡೂ ಪಾಯಿಂಟರ್ ಕಿತ್ತುಹಾಕಿ. ಸ್ಟ್ರಕ್ಟ್‌ನಲ್ಲಿ ಬಫರ್‌ನ ಇಂಡೆಕ್ಸ್ ಮಾತ್ರ ಇರಲಿ. ನಾಲ್ಕು ಬೈಟ್‌ಗಳನ್ನ ಜೋಡಿಸಿ ಒಂದು ಯುಇಂಟ್32_ಟಿ ಮಾಡಿ: ಆರ್‌ಎಕ್ಸ್[3] ಎಡಕ್ಕೆ 24, ಆರ್‌ಎಕ್ಸ್[4] ಎಡಕ್ಕೆ 16, ಆರ್‌ಎಕ್ಸ್[5] ಎಡಕ್ಕೆ 8, ಆರ್‌ಎಕ್ಸ್[6] ಹಾಗೇ. ನಾಲ್ಕನ್ನೂ ಬಿಟ್‌ವೈಸ್ ಆರ್ (|) ಮಾಡಿ. ಆಮೇಲೆ ಮೆಮ್‌ಕಾಪಿಯಿಂದ ಆ 4 ಬೈಟನ್ನ ಒಂದು ಲೋಕಲ್ ಫ್ಲೋಟ್‌ಗೆ ನಕಲು ಮಾಡಿ. ಬಫರ್ ಒಳಗೆ ಏನನ್ನೂ ತಿರುಗಿಸಿ ಬರೆಯೋದು ಬೇಡ. ಕೆಲವು ಮೀಟರ್ ಕೆಳಗಿನ (ಕೆಳ 16 ಬಿಟ್‌ನ) ರಿಜಿಸ್ಟರನ್ನ ಮೊದಲು ಕಳಿಸುತ್ತೆ. ಆಗ ಶಿಫ್ಟ್ ಕ್ರಮ 8, 0, 24, 16.

ಪ್ರತಿ ಬೈಟನ್ನೂ ಶಿಫ್ಟ್‌ಗೆ ಮುಂಚೆ ಯುಇಂಟ್32_ಟಿಗೆ ಕ್ಯಾಸ್ಟ್ ಮಾಡೋದು ಮರೀಬೇಡಿ. ಇಲ್ಲದಿದ್ದರೆ ಬೈಟ್ ಸೈನ್ಡ್ ಇಂಟ್ ಆಗುತ್ತೆ, ಹೆಕ್ಸ್ 80 ಅಥವಾ ಹೆಚ್ಚಿನ ಬೈಟನ್ನ 24 ಸರಿಸಿದರೆ ಅದೂ ಅನ್‌ಡಿಫೈನ್ಡ್, ಅಂದ್ರೆ ಫಲಿತಾಂಶಕ್ಕೆ ಸ್ಟ್ಯಾಂಡರ್ಡ್ ಭರವಸೆ ಇಲ್ಲ. ವೋಲ್ಟೇಜ್‌ನಲ್ಲಿ ಗೊತ್ತಾಗಲ್ಲ. ಸೋಲಾರ್‌ನಿಂದ ಗ್ರಿಡ್‌ಗೆ ಕರೆಂಟ್ ಹೋಗುವಾಗ ಪವರ್ ನೆಗೆಟಿವ್ ಆಗುತ್ತೆ, ಸೈನ್ ಬಿಟ್ ಆಗ ಬರುತ್ತೆ.

ವೇಗ ಹೋಗುತ್ತೆ ಅಂತ ಚಿಂತೆ ಬೇಡ. -ಓ2ನಲ್ಲಿ ಕಾರ್ಟೆಕ್ಸ್-ಎಂ3ಗೆ (ನಿಮ್ಮ ಎಫ್103ರ ಕೋರ್) ಜಿಸಿಸಿ ಇಡೀ ಜೋಡಣೆಯನ್ನ ಸಾಮಾನ್ಯವಾಗಿ ಒಂದು ಎಲ್‌ಡಿಆರ್ (ಮೆಮೊರಿ ಓದೋ ಸೂಚನೆ), ಒಂದು ರೆವ್ (ಬೈಟ್ ತಿರುಗಿಸೋ ಸೂಚನೆ) ಮಾಡಿಬಿಡುತ್ತೆ, ಮೆಮ್‌ಕಾಪಿ ಮಾಯ. ಡಿಸ್‌ಅಸೆಂಬ್ಲಿ ತೆಗೆದು ನೋಡಿ. ನಿಜವಾದ ಮೆಮ್‌ಕಾಪಿ ಕಾಲ್ ಕಂಡರೆ -ಎಫ್‌ಫ್ರೀಸ್ಟ್ಯಾಂಡಿಂಗ್ ಹಾಕಿದ್ದೀರಾ ಪರೀಕ್ಷಿಸಿ. ಆ ಫ್ಲ್ಯಾಗ್ ಬಿಲ್ಟಿನ್‌ಗಳನ್ನ (ಕಂಪೈಲರ್ ತಾನೇ ಅರಿತು ಚಿಕ್ಕದು ಮಾಡೋ ಫಂಕ್ಷನ್‌ಗಳನ್ನ) ಮುಚ್ಚುತ್ತೆ. ಆಗ __ಬಿಲ್ಟಿನ್_ಮೆಮ್‌ಕಾಪಿ ಬಳಸಿ.

ವಾರ್ನಿಂಗ್ ವಿಷಯ: -ವಾಲ್‌ನಲ್ಲಿ ಸೇರಿರೋದು ಸ್ಟ್ರಿಕ್ಟ್-ಅಲಿಯಾಸಿಂಗ್‌ನ 3ನೇ ಮಟ್ಟ, ತಪ್ಪು ಎಚ್ಚರಿಕೆ ಕಡಿಮೆ, ಹಿಡಿಯೋದೂ ಕಡಿಮೆ. ಪಾಯಿಂಟರ್ ಸ್ಟ್ರಕ್ಟ್‌ಗೆ ಹೋದ ಮೇಲೆ ಅದಕ್ಕೆ ಜಾಡು ಸಿಗಲ್ಲ. ಒಮ್ಮೆ 1ನೇ ಮಟ್ಟಕ್ಕಿಳಿಸಿ ಬಂದದ್ದನ್ನೆಲ್ಲ ಕೂತು ಓದಿ. ಪಿಸಿಯಲ್ಲಿ ಕ್ಲ್ಯಾಂಗ್ 20 ಇದ್ದರೆ -ಎಫ್‌ಸ್ಯಾನಿಟೈಜ್=ಟೈಪ್ ಹಾಕಿ ಡಿಕೋಡ್ ಭಾಗ ಮಾತ್ರ ಓಡಿಸಿ. ಇಂಥದ್ದನ್ನ ರನ್ ಆಗುವಾಗಲೇ ಹಿಡಿಯೋಕೆ ಬಂದ ಸಾಧನ ಅದು.

ಗೌರಿಬಿದನೂರು_ಬೋರ್ಡ್ (ಚಿಕ್ಕಬಳ್ಳಾಪುರ)

ಮಧ್ಯೆ ಸೇರಿಸ್ತೀನಿ. ನಿಮ್ಮ ಮೊದಲಿನ ಕೋಡ್ ಎಫ್411ಗೆ (ಕಾರ್ಟೆಕ್ಸ್-ಎಂ4 ಚಿಪ್) ಹೋದರೆ 0.00 ಕೂಡ ಬರದೆ ಹಾರ್ಡ್‌ಫಾಲ್ಟ್ ಆಗಿ ಪ್ರೋಗ್ರಾಂ ನಿಲ್ಲಬಹುದು. ಆರ್‌ಎಕ್ಸ್ 4ರ ಗಡಿಯಲ್ಲಿದ್ದರೆ (ವಿಳಾಸ 4ರಿಂದ ಭಾಗವಾದರೆ) ಆರ್‌ಎಕ್ಸ್+3 ಬೆಸ ವಿಳಾಸ. ಎಂ3ನಲ್ಲಿ ಎಫ್‌ಪಿಯು (ಫ್ಲೋಟ್ ಲೆಕ್ಕದ ಹಾರ್ಡ್‌ವೇರ್) ಇಲ್ಲ, ಸಾದಾ ಎಲ್‌ಡಿಆರ್ ಬೆಸ ವಿಳಾಸವನ್ನ ಸಹಿಸುತ್ತೆ. ಎಂ4ನಲ್ಲಿ ಎಫ್‌ಪಿಯು ಆನ್ ಇದ್ದರೆ ವಿಎಲ್‌ಡಿಆರ್ (ಫ್ಲೋಟ್ ಓದೋ ಸೂಚನೆ) ಬರಬಹುದು, ಅದಕ್ಕೆ 4ರ ಗಡಿ ಕಡ್ಡಾಯ. ಎಂ3ನಲ್ಲೂ ಪಕ್ಕಪಕ್ಕದ ಎರಡು ಯುಇಂಟ್32_ಟಿ ಓದಿದರೆ ಕಂಪೈಲರ್ ಎಲ್‌ಡಿಆರ್‌ಡಿ (ಎರಡನ್ನೂ ಒಟ್ಟಿಗೆ ಓದೋ ಸೂಚನೆ) ಮಾಡಬಹುದು, ಅದೂ ಫಾಲ್ಟ್. ಎಂ0ನಲ್ಲಿ ಬೆಸ ವಿಳಾಸದಿಂದ ಇಂಥ ಓದು ಯಾವುದೂ ನಡೆಯಲ್ಲ. -ಎಫ್‌ನೋ-ಸ್ಟ್ರಿಕ್ಟ್-ಅಲಿಯಾಸಿಂಗ್ ಈ ಅಲೈನ್‌ಮೆಂಟ್ (ವಿಳಾಸದ ಗಡಿ) ಸಮಸ್ಯೆಯನ್ನ ಮುಟ್ಟೋದೇ ಇಲ್ಲ. ಜಿಸಿಸಿಯಲ್ಲಿ -ಡಬ್ಲ್ಯೂಕಾಸ್ಟ್-ಅಲೈನ್=ಸ್ಟ್ರಿಕ್ಟ್ ಹಾಕಿದರೆ ಇಂಥ ಕ್ಯಾಸ್ಟ್‌ಗಳು ಸಾಲಾಗಿ ಕಾಣುತ್ತವೆ.

ಮುಳಬಾಗಿಲು_ಪ್ಯಾನಲ್

ಜೋಡಣೆ ಕೆಲಸ ಮಾಡಿತು, ಫ್ಲ್ಯಾಗ್ ತೆಗೆದೆ. ಇನ್ನೊಂದು ಅನುಮಾನ: ರೀಡಿಂಗ್ ಕೂಡಿಡೋಕೆ ಅನ್‌ಸೈನ್ಡ್ ಕ್ಯಾರ್ ಪೂಲ್[2048] ಇದೆ. ಅದರ ಸ್ಲಾಟ್‌ಗಳಲ್ಲಿ ಒಮ್ಮೆ ರೀಡಿಂಗ್ ಸ್ಟ್ರಕ್ಟ್, ಒಮ್ಮೆ ಅಲಾರಂ ಸ್ಟ್ರಕ್ಟ್ ಇಡ್ತೀನಿ. ಅದೂ ತಪ್ಪಾ?

ತಿಪಟೂರು_ಸಿ

ಸಿ ಸ್ಟ್ಯಾಂಡರ್ಡ್‌ನ ಅಕ್ಷರ ಹಿಡಿದರೆ ತಪ್ಪು, ಪೂಲ್ ಡಿಕ್ಲೇರ್ ಆದದ್ದು ಕ್ಯಾರ್ ಆಗಿ. ಕ್ಯಾರ್ ಸೆಟ್ 0 ಆಗಿರೋದ್ರಿಂದ ಜಿಸಿಸಿಯಲ್ಲಿ ನಡೀತಿದೆ. ಸ್ಲಾಟ್ ಮರುಬಳಕೆಯಲ್ಲಿ ಹೊಸ ಟೈಪ್‌ನಲ್ಲಿ ಪೂರ್ತಿ ಬರೆದ ಮೇಲೆಯೇ ಆ ಟೈಪ್‌ನಲ್ಲಿ ಓದಬೇಕು; ರೀಡಿಂಗ್ ಆಗಿ ಬರೆದು ಅಲಾರಂ ಆಗಿ ಇಣುಕಿದರೆ ಮೊದಲಿನ ಕಥೆಯೇ.

ನಿಮಗೆ ಎರಡೇ ಟೈಪ್ ಇರೋದ್ರಿಂದ ಯೂನಿಯನ್ (ಒಂದೇ ಜಾಗವನ್ನ ಹಲವು ಟೈಪ್ ಹಂಚಿಕೊಳ್ಳೋ ರಚನೆ) ಮಾಡಿ, ಪೂಲ್ ಆ ಯೂನಿಯನ್‌ನ ಅರೇ ಆಗಲಿ. ಅಲೈನ್‌ಮೆಂಟ್ ತಾನಾಗಿಯೇ ಸರಿಹೋಗುತ್ತೆ, ಅಲಿಯಾಸಿಂಗೂ. ಓದುವಾಗ ಯೂನಿಯನ್ ಹೆಸರಿನ ಮೂಲಕವೇ ಓದಿ. ಸದಸ್ಯದ ವಿಳಾಸ ತೆಗೆದು ಬೇರೆ ಪಾಯಿಂಟರ್‌ಗೆ ಕೊಟ್ಟರೆ ಜಿಸಿಸಿ ಭರವಸೆ ಕೊಡಲ್ಲ. ನಾಳೆ ಸಿ++ಗೆ ಹೋದರೆ ನಿಯಮ ಬೇರೆ: ಸಿ++20ರಲ್ಲಿ ಅನ್‌ಸೈನ್ಡ್ ಕ್ಯಾರ್ ಅಥವಾ ಎಸ್‌ಟಿಡಿ::ಬೈಟ್ ಅರೇ ಒಳಗೆ ಸರಳ ಸ್ಟ್ರಕ್ಟ್‌ಗಳು ತಾವಾಗೇ ಹುಟ್ಟಬಹುದು. ಆದರೂ ಅಲೈನ್‌ಆಸ್ (ವಿಳಾಸದ ಗಡಿ ಹೇಳೋದು) ಹಾಕಿ ಪ್ಲೇಸ್‌ಮೆಂಟ್ ನ್ಯೂ (ಕೊಟ್ಟ ಜಾಗದಲ್ಲೇ ವಸ್ತು ಕಟ್ಟೋದು) ಮಾಡಿ, ಅದು ಕೊಟ್ಟ ಪಾಯಿಂಟರನ್ನೇ ಇಟ್ಟುಕೊಳ್ಳಿ. ಬಿಟ್‌ಗಳನ್ನ ಫ್ಲೋಟ್ ಆಗಿ ಬದಲಿಸೋಕೆ ಅಲ್ಲಿ ಎಸ್‌ಟಿಡಿ::ಬಿಟ್_ಕ್ಯಾಸ್ಟ್ ಇದೆ.

ನೀವು ಮುಟ್ಟಲಾಗದ ಲೈಬ್ರರಿ ಒಳಗೆ ಇಂಥ ಕ್ಯಾಸ್ಟ್ ಇದ್ದರೆ ಆ ಫೈಲ್‌ಗೆ ಮಾತ್ರ ಫ್ಲ್ಯಾಗ್ ಹಾಕಿ, ಉಳಿದದ್ದು ಕಟ್ಟುನಿಟ್ಟಾಗೇ ಬಿಲ್ಡ್ ಆಗಲಿ.