ವೈನಿ, ಭಾಗ್ಯಾಳ ಹೊಟ್ಟೆನೋವು ಖರೇ ನೋವು

ವೈನಿ, ಮನೆಯವರ ಗ್ರೂಪ್‌ನಲ್ಲಿ ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ರೊಟ್ಟಿ ಬಡಿಯುತ್ತಿದ್ದೆ, ಆಗ ಮಾತಾಡಲು ಆಗಲಿಲ್ಲ. ಈಗ ಕೆಲಸ ಎಲ್ಲ ಮುಗಿಸಿ ಕುಳಿತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಕೇಳಿ.

ಮೂರು ತಿಂಗಳಿಂದ ಮಗಳು ಭಾಗ್ಯಾಗೆ ಹೊಟ್ಟೆನೋವು, ಸ್ಕ್ಯಾನಿಂಗ್ ಆಯಿತು, ರಕ್ತ ಪರೀಕ್ಷೆ ಆಯಿತು, ಎಲ್ಲ ನಾರ್ಮಲ್, ಆದರೂ ಸೋಮವಾರ ಬಂತೆಂದರೆ ಹೊಟ್ಟೆ ಹಿಡಿದುಕೊಂಡು ಮಲಗುತ್ತಾಳೆ ಅಂತ ಬರೆದಿದ್ದೀರಿ. ಅದರ ಕೆಳಗೆ ಕಾಕಾ "ಸಾಲಿ ತಪ್ಪಿಸುವ ನಾಟಕ, ಮೊಬೈಲ್ ಕಸಿದುಕೊಳ್ಳಿ" ಅಂದಿದ್ದಾರೆ. ಕಾಕಾ, ನೀವು ಹಿರಿಯರು, ಮಗಳ ಮೇಲಿನ ಕಾಳಜಿಗೇ ಹೇಳಿದ್ದೀರಿ. ಆದರೆ ಈ ಮಾತು ನಾನು ಒಪ್ಪುವುದಿಲ್ಲ. ಆ ಹುಡುಗಿಯ ನೋವು ಖರೇ ನೋವು.

ನಮ್ಮ ಮನೆಯಲ್ಲೇ ಆಗಿದ್ದು ಹೇಳುತ್ತೇನೆ, ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ. ನಮ್ಮ ಮಗ ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಸಾಲಿ ಬದಲಿಸಿದೆವಲ್ಲ, ಆವಾಗಿನ ಮಾತು. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ತುಂಬು ತೋಳಿನ ಅಂಗಿ ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಒಂದು ದಿನ ಚಾದರ ಒಗೆಯಲು ತೆಗೆದೆ, ಅಲ್ಲಲ್ಲಿ ಕಂದು ಕಲೆ. ರಕ್ತ. ಮೊಣಕೈ ಮಡಿಕೆಯಲ್ಲಿ ಚರ್ಮ ಕಿತ್ತುಹೋಗುವಷ್ಟು ರಾತ್ರಿಯೆಲ್ಲ ಕೆರೆದುಕೊಂಡಿದ್ದ. ಎಂಟು ತಿಂಗಳು ಮುಲಾಮು ಹಚ್ಚಿದೆವು. ಕಡಿಮೆ ಆಗುತ್ತಿತ್ತು, ಮತ್ತೆ ಬರುತ್ತಿತ್ತು. ಕೊನೆಗೆ ಒಬ್ಬ ಚರ್ಮದ ಡಾಕ್ಟರು ಕೈ ನೋಡುವ ಮೊದಲೇ ಅವನನ್ನು ಕೇಳಿದರು, "ನಿದ್ದೆ ಬರುತ್ತಾ ಮರಿ? ಯಾವುದಕ್ಕಾದರೂ ಹೆದರಿಕೆ ಆಗುತ್ತಾ?" ಹುಡುಗ ಅಲ್ಲೇ ಅತ್ತುಬಿಟ್ಟ. ಹೊಸ ಸಾಲಿಗೆ ಹೋದ ದಿನದಿಂದ ಎದೆ ಢವಢವ, ಕ್ಲಾಸಿನಲ್ಲಿ ಎದ್ದು ನಿಂತರೆ ಬಾಯಿ ಒಣಗುವುದು. ತುರಿಕೆ ಶುರುವಾಗುವ ಮೊದಲೇ ಹೆದರಿಕೆ ಶುರುವಾಗಿತ್ತು. ನಾನು ದಿನಾ ಕೈಗೆ ಮುಲಾಮು ಹಚ್ಚಿದ ತಾಯಿ, ಒಂದು ದಿನವೂ ಇದನ್ನು ಕೇಳಿರಲಿಲ್ಲ. ಆಮೇಲೆ ಮುಲಾಮಿನ ಜೊತೆ ಆಪ್ತಸಮಾಲೋಚನೆಗೂ ಕರೆದುಕೊಂಡು ಹೋದೆವು. ಆಗ ಕೈ ನಿಧಾನಕ್ಕೆ ಮಾಯಿತು.

ಆವಾಗಿನಿಂದ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದವರು ಅಮೆರಿಕದ 13ರಿಂದ 18 ವರ್ಷದ 6,483 ಮಕ್ಕಳ ಮಾಹಿತಿ ನೋಡಿದ್ದಾರೆ. ಮನಸ್ಸಿನ ಕಾಯಿಲೆ, ದೇಹದ ಕಾಯಿಲೆ ಎರಡರಲ್ಲಿ ಯಾವುದು ಮೊದಲು ಬಂತು, ಯಾವುದು ಆಮೇಲೆ ಎಂದು ಹುಡುಕಿದ್ದಾರೆ. ಖಿನ್ನತೆ ಬಂದ ಮಕ್ಕಳಲ್ಲಿ ಆಮೇಲೆ ಸಂಧಿವಾತ, ಜೀರ್ಣಾಂಗದ ಕಾಯಿಲೆ ಜಾಸ್ತಿ ಕಂಡವು. ವಿಪರೀತ ಆತಂಕ ಇದ್ದವರಲ್ಲಿ ಚರ್ಮದ ಕಾಯಿಲೆ. ಇದನ್ನು ಓದಿದಾಗ ನನಗೆ ಆ ಚಾದರ ನೆನಪಾಯಿತು. ಅದರಿಂದಲೇ ಇದು ಬಂತು ಅಂತ ಇಷ್ಟರಿಂದ ಸಾಬೀತಾಗುವುದಿಲ್ಲ. ಆದರೆ ಎರಡೂ ಜೊತೆಜೊತೆಗೆ ನಡೆಯುತ್ತವೆ.

ಉಲ್ಟಾ ದಾರಿಯೂ ಇದೆ. ಹೃದಯದ ಕಾಯಿಲೆ ಮೊದಲಿದ್ದ ಮಕ್ಕಳಿಗೆ ಆಮೇಲೆ ಆತಂಕ, ಫಿಟ್ಸ್ ಇದ್ದವರಿಗೆ ಊಟಕ್ಕೆ ಸಂಬಂಧಪಟ್ಟ ಮಾನಸಿಕ ತೊಂದರೆ ಜಾಸ್ತಿ ಕಂಡಿದೆ. ಫಿಟ್ಸ್ ಇರುವ ಮಗುವಿಗೆ ಗುಳಿಗೆ ನುಂಗಿದೆಯಾ ಅಂತ ದಿನಾ ಕೇಳುತ್ತೇವೆ. ಎಲ್ಲರ ಮುಂದೆ ಬಿದ್ದೆಯಲ್ಲ, ಹೇಗನಿಸಿತು ಅಂತ ಯಾರು ಕೇಳುತ್ತೇವೆ?

ಕಾಕಾ, ಸೋಮವಾರವೇ ಯಾಕೆ ನೋವು ಅಂತ ನೀವು ಕೇಳುತ್ತೀರಿ. ಪರೀಕ್ಷೆಯ ದಿನ ನಮಗೆಲ್ಲ ಹೊಟ್ಟೆ ತೊಳಸುತ್ತಿರಲಿಲ್ವಾ? ಅದು ನಾಟಕ ಆಗಿತ್ತಾ? ಕರುಳಿಗೆ ತನ್ನದೇ ನರಗಳ ಬಲೆ ಇದೆ, ಅದಕ್ಕೂ ಮೆದುಳಿಗೂ ಸದಾ ಮಾತುಕತೆ ನಡೆದೇ ಇರುತ್ತದೆ. ಮನಸ್ಸು ಹೆದರಿದರೆ ಕರುಳು ಹಿಂಡುತ್ತದೆ. ಅದು ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ, ಅಷ್ಟೇ. ಸೋಮವಾರವೇ ನೋವು ಬಂದರೆ ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತಲ್ಲ, ಸೋಮವಾರ ಸಾಲಿಯಲ್ಲಿ ಏನೋ ಇದೆ ಅಂತ.

ಹಾಗಂತ ಹೊಟ್ಟೆ ಡಾಕ್ಟರನ್ನು ಬಿಡಬೇಡಿ ವೈನಿ. ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ರಾತ್ರಿ ನೋವಿಗೆ ನಿದ್ದೆಯಿಂದ ಎದ್ದರೆ ತಕ್ಷಣ ಮತ್ತೆ ತೋರಿಸಿ. ಬರೀ ಮನಸ್ಸಿನದು ಅಂತ ಸುಮ್ನೆ ಕುಳಿತುಕೊಳ್ಳುವುದೂ ತಪ್ಪೇ.

ಜೊತೆಗೆ ಟೆಲಿಮಾನಸ್ ಅಂತ ಮನಸ್ಸಿನ ತೊಂದರೆಗೆ ಸಹಾಯವಾಣಿ ಇದೆ, ಅದಕ್ಕೆ ಫೋನ್ ಮಾಡಿ, ನಂಬರ್ 14416. ಸರ್ಕಾರದ್ದು, 2022ರಲ್ಲಿ ಶುರುವಾಗಿದ್ದು, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಮೊದಲು ನೀವೇ ಮಾತಾಡಿ. ಬೇಕಾದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ನಾನೇ ಜೊತೆಗೆ ಬರುತ್ತೇನೆ. ನಮ್ಮ ಕಡೆ ಧಾರವಾಡದ ಆಸ್ಪತ್ರೆ ಅಂದರೆ ಜನ ಒಂಥರಾ ನೋಡುತ್ತಾರೆ, ನನಗೆ ಗೊತ್ತು. ನೋಡಲಿ. ಮಗಳಿಗಿಂತ ಜನರ ಮಾತು ದೊಡ್ಡದಲ್ಲ.

ಮತ್ತೆ, ಇನ್ನು ಮುಂದೆ ಅವಳ ವಿಷಯ ಗ್ರೂಪ್‌ನಲ್ಲಿ ಬೇಡ. ನಿಮ್ಮ ಫೋನ್ ಅವಳ ಕೈಯಲ್ಲೂ ಇರುತ್ತದೆ, ಆ "ನಾಟಕ" ಅನ್ನುವ ಮಾತು ಅವಳು ಓದಬಾರದು. ಕಾಕಾ, ದಯವಿಟ್ಟು ಅದನ್ನು ಅಳಿಸಿಬಿಡಿ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಾಗಲಕೋಟೆಗೆ ಬರುತ್ತೇನೆ. ಹೊಟ್ಟೆನೋವಿಗೆ ಬಂದೆ ಅಂತ ಅವಳಿಗೆ ಹೇಳಬೇಡಿ. ಶೇಂಗಾ ಹೋಳಿಗೆ ತರುತ್ತೇನೆ, ಸಂಜೆ ಮಾಳಿಗೆ ಮೇಲೆ ನಾವಿಬ್ಬರೇ ಕುಳಿತುಕೊಳ್ಳುತ್ತೇವೆ. ಹೇಳಿದರೆ ಕೇಳುತ್ತೇನೆ. ಹೇಳದಿದ್ದರೆ ಭಾನುವಾರವೂ ಇರುತ್ತೇನೆ.