ಅಪ್‌ಡೇಟ್: ಅಂಗನವಾಡಿ ಗೋಡೆಯ ಹಸೆ ಚಿತ್ತಾರ ಮುಗಿಯಿತು

ಹೋದ ತಿಂಗಳು ಇಲ್ಲಿ ಕೇಳಿದ್ದೆ: ನಾವು ಆರು ಜನ ಚಿತ್ರಕಲಾ ವಿದ್ಯಾರ್ಥಿಗಳು ಸಾಗರದ ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ಗೋಡೆಗೆ ಚಿತ್ರ ಬರೆಯುತ್ತಿದ್ದೇವೆ, ಊರಿನವರು ನಿಂತು ನೋಡುತ್ತಾರೆ, ಆದರೆ ಕೈ ಹಚ್ಚುವುದಿಲ್ಲ, ಏನು ಮಾಡೋದು? "ನಿಮ್ಮ ಡಿಸೈನ್ ಬದಿಗಿಡಿ, ಮೊದಲು ಅವರ ಹತ್ತಿರ ಕಲಿಯಿರಿ" ಎಂದು ನೀವು ಹೇಳಿದಿರಿ. ಹಾಗೇ ಮಾಡಿದೆವು.

ಅಕ್ರಿಲಿಕ್ ಡಬ್ಬಿ ಮುಚ್ಚಿಟ್ಟು ದೀವರ ಕೇರಿಯ ಅಜ್ಜಿಯೊಬ್ಬರ ಜಗಲಿಯಲ್ಲಿ ಕೂತೆವು. ಹಸೆ ಚಿತ್ತಾರ ಎಂದರೆ ಇಲ್ಲಿನ ದೀವರ ಸಮುದಾಯದ ಹೆಂಗಸರು ಮದುವೆಗೆ ಗೋಡೆ ಮೇಲೆ ಬರೆಯುವ ಗೆರೆಚಿತ್ರ. ಮದುವೆ ಮನೆಗಳಲ್ಲಿ ಆ ಹಸೆ ಗೋಡೆ ಬರೆದ ಕೈ ಅಜ್ಜಿಯದು. ಮೊದಲು ಗೋಡೆಗೆ ಕೆಮ್ಮಣ್ಣು. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕಪ್ಪಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಎಂಬ ಮರದ ಕಾಯಿ. ಬ್ರಷ್ ಎಂದರೆ ಪುಂಡಿ ನಾರು. ಒಂದು ಎಳೆ ನೇರವಾಗಿ ಬರಲು ನನಗೆ ಮೂರು ದಿನ ಹಿಡಿಯಿತು! "ಉಸಿರು ಬಿಗಿ ಹಿಡ್ಕೊಂಡು ಎಳಿ ಮಗಾ" ಎಂದು ಅಜ್ಜಿ ಪಕ್ಕದಲ್ಲೇ ಕೂತು ಹೇಳಿಕೊಟ್ಟರು.

ನಮ್ಮ ಸೊಟ್ಟ ಗೆರೆ ತಿದ್ದಲು ಹೆಂಗಸರು ಒಬ್ಬೊಬ್ಬರಾಗಿ ಬಂದರು. ಆಮೇಲೆ ಹೋಗಲೇ ಇಲ್ಲ. ಹೊರಗಿನ ಗೋಡೆ ಬೇಡ ಎಂದವರೂ ಅವರೇ. ಮಲೆನಾಡಿನ ಮಳೆಗೆ ಅಕ್ಕಿ ಬಣ್ಣ ನಿಲ್ಲೋದಿಲ್ಲ, ಅಲ್ವಾ? ಒಳಗೋಡೆಗೆ ಬರೆದೆವು. ಒಬ್ಬ ಹುಡುಗ ಶರಾವತಿ ಹಿನ್ನೀರಿನಲ್ಲಿ ಜನರನ್ನು ದಾಟಿಸುವ ಲಾಂಚ್ ಬೇಕೇ ಬೇಕು ಎಂದ. ಹಸೆಯಲ್ಲಿ ಲಾಂಚ್ ಎಲ್ಲಿಂದ ಬರಬೇಕು? ಅಜ್ಜಿ ಸ್ವಲ್ಪ ಯೋಚಿಸಿ, ಜೋಡಿ ಎಳೆಗಳಲ್ಲೇ ಅದನ್ನು ಕಟ್ಟಿಬಿಟ್ಟರು. ಇಡೀ ಗೋಡೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಅದು.

ಬಣ್ಣಕ್ಕೆಂದು ಇಟ್ಟ ದುಡ್ಡು ಉಳಿಯಿತು. ಬರೆದ ಹೆಂಗಸರಿಗೆ ದಿನಗೂಲಿಯಾಗಿ ಕೊಟ್ಟೆವು. ಅದು ನ್ಯಾಯ ಎಂದೇ ನನ್ನ ನಂಬಿಕೆ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ, ಅಂದರೆ ಆ ಹಬ್ಬದಲ್ಲಿ ಗದ್ದೆಗೆ ಎಡೆ ಒಯ್ಯುವ ಚಿತ್ತಾರದ ಬುಟ್ಟಿ, ಬರೆಯಲು ಕರೆದಿದ್ದಾರೆ. ಆರೂ ಜನ ಹೋಗುತ್ತಿದ್ದೇವೆ.