ಅತ್ತೆಯ ಮೊಣಕಾಲಿನ ಬಾವು: ಲಕ್ಕಿ ಸೊಪ್ಪೋ, ಅರಿಶಿನದ ಮಾತ್ರೆಯೋ?

ಶಿರಸಿಯ ಸೊಸೆ:
ಅತ್ತೆಗೆ 68 ವರ್ಷ. ಸಂಜೆಯಾಗುವಷ್ಟರಲ್ಲಿ ಎಡ ಮೊಣಕಾಲು ಬಾತುಕೊಳ್ಳುತ್ತದೆ. ಕೀಲು ಸವೆತ ಎಂದು ಡಾಕ್ಟರು ಹೇಳಿದ್ದಾರೆ. ಅತ್ತೆಯದು ಬೇಲಿಯ ಲಕ್ಕಿ ಸೊಪ್ಪು: ಕಾವಲಿಯ ಮೇಲೆ ಬಾಡಿಸಿ, ಹರಳೆಣ್ಣೆ ಸವರಿ, ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿಕೊಳ್ಳುತ್ತಾರೆ. ಮೈದುನ ಬೆಂಗಳೂರಿನಿಂದ ಕರ್ಕ್ಯುಮಿನ್ (ಅರಿಶಿನದ ಸತ್ವ) ಮಾತ್ರೆಯ ಡಬ್ಬಿ ಕಳುಹಿಸಿದ್ದಾನೆ. ಇಲಿಗಳಲ್ಲಿ ಬಾವು ಅರ್ಧಕ್ಕಿಳಿದಿದೆ ಎಂದು ಒಳಗಿನ ಚೀಟಿಯಲ್ಲಿದೆ. ಅತ್ತೆಯೋ, "ಸಾರಿಗೆ ದಿನಾ ಅರಿಶಿನ ಹಾಕುತ್ತೇನಲ್ಲ" ಎಂದು ಡಬ್ಬಿಯನ್ನು ದೇವರ ಗೂಡಿನ ಪಕ್ಕ ಇಟ್ಟುಬಿಟ್ಟಿದ್ದಾರೆ. ಒತ್ತಾಯ ಮಾಡಿ ಕೊಡಲೇ? ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆಯೂ ನಡೆಯುತ್ತಿದೆ.

ಇಲಿಪಾದ:
ಫಾರ್ಮಸಿ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಹನ್ನೊಂದು ವರ್ಷ ಇಲಿಯ ಪಾದ ಅಳೆದವನು ನಾನು, ಈ ಹೆಸರು ಅದರಿಂದಲೇ ಬಂದದ್ದು. ಆ "ಅರ್ಧ" ಎಲ್ಲಿಂದ ಬರುತ್ತದೆ ಎಂದು ಹೇಳುತ್ತೇನೆ.

1962ರಿಂದ ಬಳಕೆಯಲ್ಲಿರುವ ಪರೀಕ್ಷೆ ಇದು. ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಗೀನನ್ ಎಂಬ ಅಂಟಿನ ಶೇ 1ರ ದ್ರಾವಣವನ್ನು 0.1 ಮಿ.ಲೀ.ನಷ್ಟು ಇಲಿಯ ಅಂಗಾಲಿಗೆ ಚುಚ್ಚಿ ಬಾವು ಬರಿಸುತ್ತೇವೆ. ಕಣಕಾಲಿಗೆ ಮೊದಲೇ ಶಾಯಿಯ ಗೆರೆ ಎಳೆದಿರುತ್ತೇವೆ. ಗೆರೆಯವರೆಗೆ ಪಾದವನ್ನು ಪಾದರಸದಲ್ಲಿ ಅದ್ದಿ, ಮಟ್ಟ ಎಷ್ಟು ಏರಿತೆಂದು ಓದಬೇಕು. ಇಲಿ ಕಾಲು ಎಳೆದುಕೊಳ್ಳುತ್ತದೆ, ಗೆರೆ ಅಳಿಸಿಹೋಗುತ್ತದೆ, ಅಳೆಯುವ ಕೈ ಬದಲಾದರೆ ಅಂಕಿಯೂ ಬದಲು. ಚುಚ್ಚಿ ಮೂರು ತಾಸಾಗುವ ಹೊತ್ತಿಗೆ ಬಾವು ಜೋರಾಗಿರುತ್ತದೆ. ಸಸ್ಯಸಾರ ಕುಡಿದ ಇಲಿಯ ಪಾದ ಅಷ್ಟು ಊದದಿದ್ದರೆ ವರದಿಯಲ್ಲಿ ಶೇಕಡಾವಾರು ಬರೆಯುತ್ತೇವೆ. ಆದರೆ ಸಾರವನ್ನು ಸಾಮಾನ್ಯವಾಗಿ ಚುಚ್ಚುವುದಕ್ಕೆ ಮೊದಲೇ ಕುಡಿಸಿರುತ್ತೇವೆ! ವರ್ಷಗಟ್ಟಲೆ ಸವೆದ ಕೀಲಿಗೆ ಆ ಲೆಕ್ಕ ಹೊಂದುವುದಿಲ್ಲ.

ಅತ್ತೆಯ ಸಾರಿನ ಮಾತು: ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇ 3ರ ಆಸುಪಾಸು, ಅದನ್ನೂ ಕರುಳು ಸರಿಯಾಗಿ ಹೀರುವುದಿಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಪೈಪರೀನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವುದು ಇಪ್ಪತ್ತು ಪಟ್ಟಾಯಿತು. ಅಂದಿನಿಂದ ಅನೇಕ ಡಬ್ಬಿಗಳಿಗೆ ಮೆಣಸು ಹೊಕ್ಕಿದೆ. ಪೈಪರೀನ್ ಯಕೃತ್ತಿನ ಕೆಲಸಕ್ಕೆ ಅಡ್ಡ ಬಂದು ಬೇರೆ ಔಷಧಗಳನ್ನೂ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸಬಲ್ಲದು. ಹೃದಯದ ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಕೊಡಬೇಡಿ.

ತೋಟದಮನೆ:
ಸೊಪ್ಪು ಕಟ್ಟುವವರಿಗೆ ಒಂದು ಮಾತು. ಲಕ್ಕಿ ಸಿಗಲಿಲ್ಲವೆಂದು ನಮ್ಮ ದೊಡ್ಡಮ್ಮ ಎಕ್ಕದ ಎಲೆ ಕಟ್ಟಿದ್ದರು. ಹಾಲು ತಾಗಿ ಚರ್ಮವೆಲ್ಲ ಬೊಬ್ಬೆ. ಮಂಡಿಯ ನೋವು ಮರೆತೇಹೋಯಿತು ಎನ್ನಿ.

ಶಿರಸಿಯ ಸೊಸೆ:
ಡಬ್ಬಿ ತಿರುಗಿಸಿ ನೋಡಿದೆ. ಸಣ್ಣಕ್ಷರದಲ್ಲಿ "ಕರಿಮೆಣಸಿನ ಸತ್ವ 5 ಮಿಲಿಗ್ರಾಂ" ಎಂದಿದೆ. ಸೋಮವಾರ ಡಾಕ್ಟರ ಹತ್ತಿರ ಒಯ್ಯುತ್ತೇನೆ. ಲಕ್ಕಿ ಸೊಪ್ಪು ಮುಂದುವರಿಸಬಹುದೇ?

ಇಲಿಪಾದ:
ಚರ್ಮ ಕೆರೆಯದಿದ್ದರೆ, ಸುಡುವಷ್ಟು ಬಿಸಿ ಇಲ್ಲದಿದ್ದರೆ ಕಟ್ಟಿಕೊಳ್ಳಲಿ. ಲಕ್ಕಿಯ ಸಾರವೂ ಇಲಿಯ ಬಾವನ್ನು ಇಳಿಸಿದ್ದುಂಟು. ಆದರೆ ಆರಾಮ ಕೊಡುವುದರಲ್ಲಿ ಎಲೆಯ ಪಾಲೆಷ್ಟು, ಶಾಖದ ಪಾಲೆಷ್ಟು ಎಂದು ಬಿಡಿಸಿ ಹೇಳುವ ಇಲಿ ನಮ್ಮಲ್ಲಿ ಇರಲಿಲ್ಲ. ಮಂಡಿ ಕೆಂಪಾಗಿ ಬಿಸಿಯೇರಿದರೆ, ಜ್ವರ ಬಂದರೆ, ಅಥವಾ ಬಾವು ಇದ್ದಕ್ಕಿದ್ದಂತೆ ಹೆಚ್ಚಿದರೆ ಸೊಪ್ಪು ಬಿಚ್ಚಿ ಅದೇ ದಿನ ಆಸ್ಪತ್ರೆಗೆ ಹೋಗಿ. ಸೋಮವಾರಕ್ಕೆ ಕಾಯಬೇಡಿ.

ಶಿರಸಿಯ ಸೊಸೆ:
ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. "ಪಾಪ, ಆ ಇಲಿಗೆ ಆಮೇಲೆ ಏನಾಯಿತಂತೆ?" ಎಂದು ಕೇಳುತ್ತಿದ್ದಾರೆ.